ಆರು ಕಿಲೋ ತರಕಾರಿಯ ಲೆಕ್ಕ

ಡಿಸೆಂಬರ್ ಚಳಿ ಬಿದ್ದೊಡನೆ ಮಾಗಡಿ, ರಾಮನಗರ, ಕೋಲಾರದ ಸೀಮೆಯಲ್ಲಿ ರಸ್ತೆಬದಿಗೆ ಅವರೆಕಾಯಿಯ ರಾಶಿ ಬೀಳುತ್ತದೆ. ಸೊಗಡಿನ ಘಮ ಓಡುವ ಬಸ್ಸಿನ ಕಿಟಕಿಯನ್ನೂ ಬಿಡುವುದಿಲ್ಲ. ಆ ಎರಡು ತಿಂಗಳು ಊರ ಮನೆಗಳಲ್ಲಿ ಅವರೆಕಾಳಿನ ಸಾರು, ಹಿತಕಿದ ಬೇಳೆ, ಅವರೆಕಾಳು ಉಪ್ಪಿಟ್ಟು ಬಿಟ್ಟರೆ ಬೇರೆ ಮಾತಿಲ್ಲ. ಅದೇ ಊರಿನ ಶಾಲೆಯ ಅಡುಗೆಕೋಣೆಗೆ ಇಣುಕಿದರೆ ಮಾತ್ರ ಋತು ಬದಲಾದ ಗುರುತೇ ಕಾಣದಿರುವುದುಂಟು. ಜೂನ್‌ನಲ್ಲಿ ಸಾಂಬಾರಿನಲ್ಲಿ ಕುದಿಯುತ್ತಿದ್ದ ಆಲೂಗಡ್ಡೆ, ಟೊಮೆಟೊ, ಕ್ಯಾರೆಟ್‌ಗಳೇ ಡಿಸೆಂಬರಿನಲ್ಲೂ ಕುದಿಯುತ್ತಿರುತ್ತವೆ. ಹೊಲಕ್ಕೂ ಶಾಲೆಗೂ ಒಂದು ಫರ್ಲಾಂಗು ದೂರ. ಅವರೆಕಾಯಿಗೆ ಆ ಒಂದು ಫರ್ಲಾಂಗನ್ನು ದಾಟಲಾಗುವುದಿಲ್ಲ.

ಏಕೆ ಎಂದು ಕೇಳುವ ಮೊದಲು ಒಂದು ಸಣ್ಣ ಲೆಕ್ಕ ಮಾಡಬಹುದು.

ಶಾಲಾ ಬಿಸಿಯೂಟದ ಪಿಎಂ ಪೋಷಣ್ ಯೋಜನೆಯ ನಿಯಮದಂತೆ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟನೇ ತರಗತಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, ಏಳೂವರೆ ಗ್ರಾಂ ಎಣ್ಣೆ. ಕೆಳಗಿನ ತರಗತಿಗಳಲ್ಲಿ 60, ಮೇಲಿನ ತರಗತಿಗಳಲ್ಲಿ 40 ಮಕ್ಕಳಿರುವ ಒಂದು ಹಳ್ಳಿ ಶಾಲೆಯನ್ನು ಎಣಿಕೆಗೆ ಇಟ್ಟುಕೊಳ್ಳೋಣ. ಚಿಕ್ಕವರಿಗೆ ಮೂರು ಕಿಲೋ, ದೊಡ್ಡವರಿಗೆ ಮೂರು ಕಿಲೋ, ಒಟ್ಟು ದಿನಕ್ಕೆ ಆರು ಕಿಲೋ ತರಕಾರಿ ಬೇಕು. ವರ್ಷಕ್ಕೆ 220 ದಿನ ಶಾಲೆ ನಡೆದರೆ 1,320 ಕಿಲೋ. ನೀರಿನ ಅನುಕೂಲವಿರುವ ಅರ್ಧ ಎಕರೆಯ ರೈತ ಕುಟುಂಬ ಬೆಳೆ ಬದಲಿಸುತ್ತಾ, ಮನೆಗೂ ಉಳಿಸಿಕೊಂಡು ಇಷ್ಟನ್ನು ಕೊಡಬಲ್ಲದು. ಇಬ್ಬರು ಮೂವರು ಹಂಚಿಕೊಂಡರಂತೂ ಹಿತ್ತಲ ಚಪ್ಪರಗಳಲ್ಲೇ ಸಾಕಷ್ಟು ಸಿಗುತ್ತದೆ. ದೇಶದ ಲೆಕ್ಕದಲ್ಲಿ ನೋಡಿದರೆ ಬಿಸಿಯೂಟ ಹತ್ತು ಲಕ್ಷಕ್ಕೂ ಹೆಚ್ಚು ಶಾಲೆಗಳ ಬೃಹತ್ ವ್ಯವಹಾರ. ಒಂದು ಶಾಲೆಯ ಬಾಗಿಲಲ್ಲಿ ನಿಂತು ನೋಡಿದರೆ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬರಬಹುದಾದ ಒಂದು ಚೀಲ.

ಈಗ ದುಡ್ಡಿನ ಲೆಕ್ಕ. ಧಾನ್ಯ ಬಿಟ್ಟು ಉಳಿದ ಸಾಮಗ್ರಿಗೆ 2025ರ ಮೇ 1ರಿಂದ ನಿಗದಿಯಾದ ದರ ಚಿಕ್ಕ ಮಕ್ಕಳಿಗೆ ತಲಾ 6 ರೂಪಾಯಿ 78 ಪೈಸೆ, ದೊಡ್ಡವರಿಗೆ 10 ರೂಪಾಯಿ 17 ಪೈಸೆ. ನಮ್ಮ ನೂರು ಮಕ್ಕಳ ಶಾಲೆಗೆ ದಿನಕ್ಕೆ 813 ರೂಪಾಯಿ 60 ಪೈಸೆ ಆಯಿತು. ಇದರಲ್ಲಿ ಎರಡು ಕಿಲೋ 400 ಗ್ರಾಂ ಬೇಳೆ, 600 ಗ್ರಾಂ ಎಣ್ಣೆ, ಸಾಂಬಾರ ಪುಡಿ, ಉಪ್ಪು, ಗ್ಯಾಸು ಎಲ್ಲವೂ ಬರಬೇಕು. ಉಳಿದದ್ದು ತರಕಾರಿಗೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಈ ಲೆಕ್ಕ ಹೇಗೆ ಕೂಡಿರಬಹುದೆಂದು ಯಾರಾದರೂ ಊಹಿಸಬಹುದು. ಅದೇ ಟೊಮೆಟೊ ಇನ್ನೊಂದು ತಿಂಗಳಲ್ಲಿ ಕೇಳುವವರಿಲ್ಲದೆ ಕೋಲಾರ, ಚಿಂತಾಮಣಿಯ ರಸ್ತೆಬದಿಗೆ ಸುರಿದುಹೋಗುತ್ತದೆ. ಮಾರುಕಟ್ಟೆಯ ಈ ಉಯ್ಯಾಲೆಯಲ್ಲಿ ರೈತನೂ ಮುಖ್ಯಶಿಕ್ಷಕರೂ ಒಟ್ಟಿಗೇ ಕೂತಿದ್ದಾರೆ. ಒಬ್ಬರ ಕೈ ಇನ್ನೊಬ್ಬರಿಗೆ ಸಿಗುತ್ತಿಲ್ಲ.

ಬಿಸಿಯೂಟ ಶಾಲೆಗೆ ಬಂದದ್ದೇ ಒಂದು ದೀರ್ಘ ಕತೆ. ಮದ್ರಾಸಿನ ನಗರಸಭೆ 1920ರ ದಶಕದಲ್ಲೇ ಶಾಲಾ ಮಕ್ಕಳಿಗೆ ಊಟ ಹಾಕಿತ್ತು. ಕಾಮರಾಜರು 1956ರಲ್ಲಿ ಅದನ್ನು ರಾಜ್ಯದ ಯೋಜನೆ ಮಾಡಿದರು, ಎಂ.ಜಿ. ರಾಮಚಂದ್ರನ್ 1982ರಲ್ಲಿ ದೊಡ್ಡದಾಗಿ ಹಬ್ಬಿಸಿದರು. ಕೇಂದ್ರ ಸರ್ಕಾರ 1995ರಲ್ಲಿ ಯೋಜನೆ ತಂದಾಗ ಬಹುತೇಕ ರಾಜ್ಯಗಳಲ್ಲಿ ಮಕ್ಕಳಿಗೆ ಸಿಕ್ಕಿದ್ದು ತಿಂಗಳಿಗೆ ಮೂರು ಕಿಲೋ ಧಾನ್ಯದ ಗಂಟು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ ಮೊದಲು ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಒಲೆ ಹಚ್ಚಿ, ಆಮೇಲೆ ನಾಡೆಲ್ಲ ವ್ಯಾಪಿಸಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, ನಂತರ ಮೊಟ್ಟೆ ಬಂತು, 2024ರಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಸೇರಿತು. ಎರಡು ದಶಕದಲ್ಲಿ ತಟ್ಟೆಯ ಸುತ್ತ ಬಹಳಷ್ಟು ಬದಲಾಗಿದೆ. ಬದಲಾಗದೆ ಉಳಿದದ್ದು ನಡುವೆ ಇರುವ ಸಾಂಬಾರು.

ಬೆಂಗಳೂರು, ಹುಬ್ಬಳ್ಳಿಯಂಥ ಕಡೆ ಸಾವಿರಾರು ಮಕ್ಕಳಿಗೆ ಒಂದೇ ಕೇಂದ್ರೀಕೃತ ಅಡುಗೆಮನೆಯಿಂದ ಊಟ ಹೋಗುತ್ತದೆ. ಅಲ್ಲಿ ತರಕಾರಿ ಟನ್ ಲೆಕ್ಕದಲ್ಲಿ, ಒಂದೇ ಗಾತ್ರದಲ್ಲಿ, ನಿತ್ಯ ಬೆಳಗಿನ ಜಾವಕ್ಕೆ ಬಂದಿಳಿಯಬೇಕು. ಹತ್ತು ಕಟ್ಟು ದಂಟಿನ ಸೊಪ್ಪು ತಂದವರಿಗೆ ಆ ಗೇಟಿನಲ್ಲಿ ಜಾಗವಿಲ್ಲ. ಹಳ್ಳಿ ಶಾಲೆಯ ಮಾತೇ ಬೇರೆ. ಅಕ್ಕಿ, ಬೇಳೆ, ಎಣ್ಣೆ ಮೇಲಿನಿಂದ ಬಂದರೂ ತರಕಾರಿಯನ್ನು ಶಾಲೆಯ ಮಟ್ಟದಲ್ಲೇ ಕೊಳ್ಳುವ ರೂಢಿಯಿದೆ. ಅಂದರೆ ಬಾಗಿಲು ತೆರೆದೇ ಇದೆ. 2021ರಲ್ಲಿ ಯೋಜನೆಗೆ ಪಿಎಂ ಪೋಷಣ್ ಎಂಬ ಹೆಸರು ಬಂದಾಗ ರೈತ ಉತ್ಪಾದಕ ಸಂಸ್ಥೆಗಳು, ಮಹಿಳಾ ಸ್ವಸಹಾಯ ಗುಂಪುಗಳು ಇದರಲ್ಲಿ ತೊಡಗಿಕೊಳ್ಳಲಿ, ಸ್ಥಳೀಯವಾಗಿ ಬೆಳೆಯುವ ಸಾಂಪ್ರದಾಯಿಕ ಆಹಾರಕ್ಕೆ ಉತ್ತೇಜನ ಸಿಗಲಿ ಎಂದು ಕೇಂದ್ರ ಸಂಪುಟವೇ ಹೇಳಿತ್ತು. ಆದರೆ ‘ಉತ್ತೇಜನ’ ಎಂಬ ಪದಕ್ಕೆ ಕಡತದಲ್ಲಿ ಇರುವ ತೂಕ ಸಂತೆಯ ತಕ್ಕಡಿಯಲ್ಲಿ ಇರುವುದಿಲ್ಲ.

ಆ ತೂಕವನ್ನು ಕಾನೂನಿನಿಂದಲೇ ತಂದುಕೊಂಡ ದೇಶ ಬ್ರೆಜಿಲ್.

ಬ್ರೆಜಿಲ್‌ನ ಶಾಲಾ ಊಟದ ಯೋಜನೆ 1955ರಷ್ಟು ಹಳೆಯದು. ಇಂದು ಸುಮಾರು ನಾಲ್ಕು ಕೋಟಿ ಮಕ್ಕಳು ಅದರಡಿ ಉಣ್ಣುತ್ತಾರೆ. 2009ರ ಜೂನ್‌ನಲ್ಲಿ ಬಂದ 11,947ನೇ ಸಂಖ್ಯೆಯ ಕಾನೂನಿನ 14ನೇ ವಿಧಿ ಒಂದು ಸರಳ ಮಾತು ಹೇಳಿತು. ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇಕಡಾ 30ರಷ್ಟನ್ನು ಕೌಟುಂಬಿಕ ಕೃಷಿಕರಿಂದ, ಅಂದರೆ ಮನೆಮಂದಿಯೇ ಸೇರಿ ದುಡಿಯುವ ಸಣ್ಣ ಹಿಡುವಳಿದಾರರಿಂದ, ನೇರವಾಗಿ ಕೊಳ್ಳಲು ಖರ್ಚು ಮಾಡಬೇಕು. ಭೂಸುಧಾರಣೆಯಲ್ಲಿ ನೆಲ ಪಡೆದವರು, ಮೂಲನಿವಾಸಿಗಳು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಊರು ಕಟ್ಟಿದವರ ವಂಶದ ಕಿಲೊಂಬೋಲಾ ಸಮುದಾಯಗಳಿಗೆ ಮೊದಲ ಮಣೆ. 2025ರಲ್ಲಿ ತಿದ್ದುಪಡಿಯಾಗಿ ಈ ಪಾಲು 2026ರಿಂದ ಶೇಕಡಾ 45ಕ್ಕೆ ಏರಿದೆ.

ಶೇಕಡಾವಾರು ಸಂಖ್ಯೆಗಿಂತ ಕುತೂಹಲದ್ದು ಕೊಳ್ಳುವ ಕ್ರಮ. ಸಾಮಾನ್ಯ ಟೆಂಡರ್‌ನಲ್ಲಿ ಯಾರು ಕಡಿಮೆ ಬೆಲೆ ಬರೆದರೋ ಅವರಿಗೆ ಗುತ್ತಿಗೆ. ಸಣ್ಣ ರೈತ ಅಲ್ಲಿ ಗೆಲ್ಲುವುದು ದೂರದ ಮಾತು, ಅರ್ಜಿ ಹಾಕುವುದೇ ಕಷ್ಟ. ಬ್ರೆಜಿಲ್‌ನಲ್ಲಿ ಇದಕ್ಕೆ ಬದಲಾಗಿ ‘ಸಾರ್ವಜನಿಕ ಕರೆ’ ಎಂಬ ಪದ್ಧತಿಯಿದೆ. ಪುರಸಭೆಯ ಪೌಷ್ಟಿಕ ತಜ್ಞರು ಮೊದಲು ಸುತ್ತಲ ರೈತರು ಯಾವ ತಿಂಗಳಲ್ಲಿ ಏನು ಬೆಳೆಯುತ್ತಾರೆಂದು ಪಟ್ಟಿ ಮಾಡಿ, ಅದಕ್ಕೆ ಹೊಂದುವ ಊಟದ ಪಟ್ಟಿ ಬರೆಯುತ್ತಾರೆ. ಸ್ಥಳೀಯ ಮಾರುಕಟ್ಟೆಗಳ ಕನಿಷ್ಠ ಮೂರು ದರಗಳ ಸರಾಸರಿ ತೆಗೆದು ಬೆಲೆಯನ್ನು ಮೊದಲೇ ಪ್ರಕಟಿಸುತ್ತಾರೆ. ಆ ಬೆಲೆಗೆ ಇಷ್ಟು ಕುಂಬಳಕಾಯಿ, ಇಷ್ಟು ಬಾಳೆಹಣ್ಣು, ಇಷ್ಟು ಸೊಪ್ಪು ಕೊಡುತ್ತೇನೆಂದು ರೈತರೋ ಅವರ ಸಹಕಾರ ಸಂಘವೋ ಮುಂದೆ ಬರುತ್ತದೆ. ಪೈಪೋಟಿ ಬಿದ್ದರೆ ಹತ್ತಿರದವರಿಗೆ ಆದ್ಯತೆ. ಸಾವಯವ ಬೆಳೆಗೆ ಶೇಕಡಾ 30ರವರೆಗೆ ಹೆಚ್ಚು ಕೊಡಬಹುದು. ಒಬ್ಬನೇ ದೊಡ್ಡ ರೈತ ಎಲ್ಲವನ್ನೂ ಬಾಚಿಕೊಳ್ಳದಂತೆ ಪ್ರತಿ ಕುಟುಂಬಕ್ಕೆ ವಾರ್ಷಿಕ ಮಿತಿಯಿದೆ. 2023ರ ತಿದ್ದುಪಡಿಯಂತೆ, ಕುಟುಂಬವೊಂದು ಮಾರುವ ಮೌಲ್ಯದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮನೆಯ ಹೆಂಗಸಿನ ಹೆಸರಿನಲ್ಲಿರಬೇಕು. ಪೋಷಕರು, ಶಿಕ್ಷಕರು ಇರುವ ಶಾಲಾ ಊಟದ ಮಂಡಳಿಗಳು ಲೆಕ್ಕ ನೋಡುತ್ತವೆ.

ಇದರಲ್ಲಿ ಗಮನಿಸಬೇಕಾದ ತಿರುವು ಒಂದೇ. ನಮ್ಮಲ್ಲಿ ಮೊದಲು ಮೆನು, ಆಮೇಲೆ ಖರೀದಿ, ಕೊನೆಗೆ ಹೊಲದ ನೆನಪು. ಅಲ್ಲಿ ಹೊಲ ನೋಡಿ ಮೆನು ಬರೆಯುತ್ತಾರೆ.

ಎಲ್ಲವೂ ಸಲೀಸಾಗಿ ನಡೆದಿದೆ ಎಂದೇನಲ್ಲ. ಎಲ್ಲ ಪುರಸಭೆಗಳೂ ಶೇಕಡಾ 30 ಮುಟ್ಟಲಿಲ್ಲ. ರಸೀದಿ ಕೊಡಲಾಗದ ರೈತರು, ತಪ್ಪಿಹೋಗುವ ಪೂರೈಕೆ, ಶುಚಿತ್ವದ ನಿಯಮಗಳು ಅಡ್ಡ ಬಂದವು. ಅಮೆಜಾನ್ ಕಾಡಿನಲ್ಲಂತೂ ವಿಚಿತ್ರ ಸ್ಥಿತಿಯಿತ್ತು. ನದಿಯಲ್ಲಿ ಮೀನು, ಹಿತ್ತಲಲ್ಲಿ ಮರಗೆಣಸು, ಮರದಲ್ಲಿ ಅಸಾಯಿ ಹಣ್ಣು ಇರುವ ಊರಿನ ಶಾಲೆಗೆ ಡಬ್ಬಿಯ ಮಾಂಸ ಮತ್ತು ಬಿಸ್ಕತ್ತು ದಿನಗಟ್ಟಲೆ ದೋಣಿಯಲ್ಲಿ ಬರುತ್ತಿತ್ತು. ಊರಿನ ಮೀನನ್ನು ಶಾಲೆ ಕೊಳ್ಳಬೇಕೆಂದರೆ ನೈರ್ಮಲ್ಯ ತಪಾಸಣೆಯ ಮುದ್ರೆ ಬೇಕಿತ್ತು. ಅಮೆಜಾನಾಸ್ ರಾಜ್ಯದಲ್ಲಿರುವ ಕೇಂದ್ರ ಸರ್ಕಾರಿ ಅಭಿಯೋಜಕರ ಕಚೇರಿ 2017ರಲ್ಲಿ ಒಂದು ತಾಂತ್ರಿಕ ಟಿಪ್ಪಣಿ ಹೊರಡಿಸಿ ಗಂಟು ಬಿಡಿಸಿತು. ಒಂದು ಸಮುದಾಯ ಬೆಳೆದದ್ದನ್ನು ಅದೇ ಸಮುದಾಯದ ಮಕ್ಕಳು ಶಾಲೆಯಲ್ಲಿ ಉಂಡರೆ ಅದು ಮನೆಯಲ್ಲಿ ಉಂಡ ಹಾಗೆಯೇ, ಕಾರ್ಖಾನೆಯ ಸರಕಿನ ನಿಯಮ ಅದಕ್ಕೆ ಬೇಡ ಎಂಬುದು ಅದರ ತಿರುಳು. ಜೋಯಿಡಾದ ಕುಣಬಿಗಳ ಗೆಡ್ಡೆಗೆಣಸನ್ನೋ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸೊಪ್ಪನ್ನೋ ಬಲ್ಲವರಿಗೆ ಈ ಮಾತು ಬೇಗ ತಾಗುತ್ತದೆ. ಜೋಯಿಡಾದಲ್ಲಿ ಪ್ರತಿವರ್ಷ ಗೆಡ್ಡೆಗೆಣಸು ಮೇಳವೇ ನಡೆಯುತ್ತದೆ. ನೋಡಲು ಪೇಟೆಯ ಜನ ಹೋಗುತ್ತಾರೆ.

ಜಪಾನಿನ ಇಸುಮಿ ಎಂಬ ಸಣ್ಣ ಪಟ್ಟಣದ್ದು ಇನ್ನೊಂದು ಬಗೆ. ಚೀಬಾ ಪ್ರಾಂತ್ಯದ ಈ ಊರು ಕೊಕ್ಕರೆಗಳು ಮರಳಿ ಬರುವಂಥ ಗದ್ದೆ ಬಯಲು ಮಾಡಬೇಕೆಂದು ಹೊರಟು 2013ರಲ್ಲಿ ಸಾವಯವ ಭತ್ತದ ಪ್ರಯೋಗ ಶುರುಮಾಡಿತು. ಮೊದಲ ಬೆಳೆಯನ್ನು ಕಳೆ ನುಂಗಿತು. ತಜ್ಞರನ್ನು ಕರೆಸಿ ಕಲಿತರು. 2015ರಲ್ಲಿ ಆ ಅಕ್ಕಿ ಶಾಲಾ ಊಟಕ್ಕೆ ಬಂತು, 2017ರ ಹೊತ್ತಿಗೆ ಊರಿನ ಎಲ್ಲ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳ ಅನ್ನವೂ ಅದೇ ಆಯಿತು, ವರ್ಷಕ್ಕೆ ಸುಮಾರು 42 ಟನ್. ಪುರಸಭೆ ನಿಶ್ಚಿತ ಬೆಲೆಗೆ ಕೊಳ್ಳುತ್ತದೆಂಬ ಧೈರ್ಯ ಇದ್ದುದರಿಂದಲೇ ರೈತರು ರಾಸಾಯನಿಕ ಬಿಡಲು ಒಪ್ಪಿದರು.

ನಮ್ಮ ದೇಶದಲ್ಲೂ ಮಾದರಿಗಳಿಲ್ಲದೆ ಇಲ್ಲ. ಒಡಿಶಾದ ಸಿರಿಧಾನ್ಯ ಮಿಷನ್ 2017ರಲ್ಲಿ ಆರಂಭವಾಗಿ, 2020ರ ಸುಮಾರಿಗೆ ಕಿಯೋಂಝರ್ ಜಿಲ್ಲೆಯ ಅಂಗನವಾಡಿಗಳಲ್ಲಿ ರಾಗಿ ಲಾಡು ಕೊಡತೊಡಗಿತು. ಉಂಡೆ ಕಟ್ಟಿದ್ದು ಮಹಿಳಾ ಸ್ವಸಹಾಯ ಗುಂಪುಗಳು.

ಕರ್ನಾಟಕಕ್ಕೆ ಬಂದರೆ ಬೆಳೆಯ ವೈವಿಧ್ಯವೇ ದೊಡ್ಡ ಆಸ್ತಿ. ಶಾಲೆ ಬಾಗಿಲು ತೆರೆಯುವ ಜೂನ್‌ನಲ್ಲಿ ಹಲಸು, ನೇರಳೆ ಇನ್ನೂ ಮರದಲ್ಲಿರುತ್ತವೆ. ಮಳೆ ಬಿದ್ದು ಹದಿನೈದು ದಿನಕ್ಕೆ ಹಳೇ ಮೈಸೂರಿನ ಹೊಲದ ಬದುಗಳಲ್ಲಿ ಬೆರಕೆಸೊಪ್ಪು ಚಿಗುರುತ್ತದೆ. ಅದು ಮಸ್ಸೊಪ್ಪಿನ ಕಾಲ. ಮಲೆನಾಡಿನಲ್ಲಿ ಕೆಸು. ಜುಲೈಯಿಂದ ಹೀರೆ, ಪಡವಲ, ಹಾಗಲ ಚಪ್ಪರ ತುಂಬುತ್ತವೆ. ಕರಾವಳಿಯಲ್ಲಿ ಅಲಸಂದೆ, ಹರಿವೆ, ಅಟ್ಟದಿಂದ ಇಳಿಬಿಟ್ಟು ತಿಂಗಳುಗಟ್ಟಲೆ ಇಡಬಹುದಾದ ಸೌತೆ. ಉಡುಪಿಯ ಮಟ್ಟು ಗುಳ್ಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ಉತ್ತರ ಕರ್ನಾಟಕಕ್ಕೆ ಪುಂಡಿ, ಹಕ್ಕರಕಿ, ರಾಜಗಿರಿ, ಮೆಂತ್ಯ. ಚಳಿಗಾಲದಲ್ಲಿ ಕಲಬುರಗಿಯ ಕಡೆ ಹಸಿ ತೊಗರಿಕಾಯಿ, ದಕ್ಷಿಣಕ್ಕೆ ಅವರೆ, ಎಲ್ಲ ಕಡೆ ಸೀಬೆ ಮತ್ತು ನೆಲ್ಲಿ. ಫೆಬ್ರವರಿ ದಾಟಿದರೆ ನುಗ್ಗೆ ಗೊಂಚಲುಗಳು ಬೇಲಿಯ ಮೇಲೆ ಬಾಗುತ್ತವೆ.

ಈ ಪಟ್ಟಿ ಬಾಯಿರುಚಿಗೆ ಮಾತ್ರ ಹೇಳಿದ್ದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಈ ವಯಸ್ಸಿನವರೇ ನಾಳೆ ಒಂದನೇ ತರಗತಿಯ ಬೆಂಚಿಗೆ ಬರುವವರು. ಆಲೂಗಡ್ಡೆ ಹೊಟ್ಟೆ ತುಂಬಿಸುತ್ತದೆ, ಆದರೆ ಕಬ್ಬಿಣ ಮತ್ತು ಎ ಜೀವಸತ್ವದ ವಿಷಯದಲ್ಲಿ ನುಗ್ಗೆಸೊಪ್ಪು, ಹರಿವೆಯ ಹತ್ತಿರ ಸುಳಿಯುವುದಿಲ್ಲ. ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ಅದು ಕಿತ್ತಳೆಗಿಂತ ಹಲವು ಪಟ್ಟು ಇರುವುದು ನೆಲ್ಲಿಕಾಯಿಯಲ್ಲಿ. ಕಿತ್ತ ಸೊಪ್ಪು ಕೂತಷ್ಟೂ ಆ ಜೀವಸತ್ವ ಕರಗುತ್ತದೆ. ಬೆಳಿಗ್ಗೆ ಕಿತ್ತು ಮಧ್ಯಾಹ್ನ ಬೇಯಿಸಿದ ಸೊಪ್ಪಿಗೂ ಎರಡು ದಿನ ಲಾರಿಯಲ್ಲಿ ಬಾಡಿದ್ದಕ್ಕೂ ಇರುವ ವ್ಯತ್ಯಾಸ ಇದೇ.

ಹಾಗಾದರೆ ಅವರೆಕಾಯಿ ಶಾಲೆಯ ಮೆಟ್ಟಿಲು ಹತ್ತದೆ ಉಳಿದದ್ದೇಕೆ? ಉತ್ತರದ ಒಂದು ಭಾಗ ಅಡುಗೆಯವರ ಕೈಯಲ್ಲಿದೆ, ಅಕ್ಷರಶಃ. ನೂರು ಮಕ್ಕಳಿರುವ ಶಾಲೆಗೆ ನಿಯಮದಂತೆ ಇಬ್ಬರು ಅಡುಗೆಯವರು. ಬೆಳಿಗ್ಗೆ ಬಂದು ಹಾಲು ಕಾಯಿಸಿ ಕೊಟ್ಟು, ಅಕ್ಕಿ ಆರಿಸಿ, ಬೇಳೆಗೆ ಇಟ್ಟು, ತರಕಾರಿ ಹೆಚ್ಚಿ, ಮಧ್ಯಾಹ್ನದೊಳಗೆ ಎಲ್ಲ ಮುಗಿಯಬೇಕು. ಆಲೂಗಡ್ಡೆ ತೊಳೆದು ಹೆಚ್ಚಿದರೆ ಆಯಿತು. ಅವರೆಕಾಯಿ ಹಾಗಲ್ಲ. ಆರು ಕಿಲೋ ಕಾಳು ಸಿಗಬೇಕಾದರೆ ಅದರ ಎರಡು ಮೂರು ಪಟ್ಟು ಕಾಯಿ ಸುಲಿಯಬೇಕು. ಸೊಪ್ಪಾದರೆ ಒಂದೊಂದು ಕಟ್ಟು ಬಿಚ್ಚಿ, ಹುಳು ನೋಡಿ, ಮೂರು ನೀರಿನಲ್ಲಿ ತೊಳೆಯಬೇಕು. ನೂರು ಮಕ್ಕಳ ಊಟದಲ್ಲಿ ಒಂದು ಹುಳು ಕಂಡರೂ ಮರುದಿನ ಪಂಚಾಯಿತಿ ತುಂಬ ಅದೇ ಸುದ್ದಿ. ಇಷ್ಟಕ್ಕೆ ಕೇಂದ್ರದ ಲೆಕ್ಕದಲ್ಲಿ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. 2009ರ ಕೊನೆಯಲ್ಲಿ ನಿಗದಿಯಾದ ಮೊತ್ತವದು. ಅದರ ಮೇಲಿನದನ್ನು ರಾಜ್ಯ ಸರ್ಕಾರ ಸೇರಿಸುತ್ತದೆ. ಹೊಲದ ತಾಜಾ ಸೊಪ್ಪಿನ ಬಗ್ಗೆ ಉತ್ಸಾಹದಿಂದ ಮಾತಾಡುವವರು ಅದನ್ನು ಸೋಸುವವರ ಬೆನ್ನನ್ನು ಮರೆಯುತ್ತಾರೆ. ಊರಿನ ಸ್ವಸಹಾಯ ಗುಂಪು ಕಾಯಿ ಸುಲಿದು, ಸೊಪ್ಪು ಸೋಸಿ ಕೊಡುವಂತಾಗಿ, ಆ ಕೆಲಸಕ್ಕೆ ದರದಲ್ಲೇ ನಾಲ್ಕು ಕಾಸು ಸೇರಿದರೆ ಮಾತ್ರ ಇದು ನಡೆಯುವ ಮಾತು.

ಇನ್ನೊಂದು ಭಾಗ ದುಡ್ಡು ಕೈಗೆ ಬರುವ ಹೊತ್ತಿನದು. ಪೇಟೆಯ ಅಂಗಡಿಯವನು ತಿಂಗಳು ಸಾಲ ಹೇಳಿಸಿಕೊಳ್ಳುತ್ತಾನೆ, ಚೀಟಿಯನ್ನೂ ಕೊಡುತ್ತಾನೆ. ದಿನಗೂಲಿಯ ಲೆಕ್ಕದಲ್ಲಿ ಬದುಕುವ ಸಣ್ಣ ರೈತ ಮಹಿಳೆಗೆ ಅದೆರಡೂ ಆಗದು. ಅನುದಾನ ತಡವಾದ ತಿಂಗಳಲ್ಲಿ ಮುಖ್ಯಶಿಕ್ಷಕರ ಕಾಲು ತಾನಾಗಿ ಅಂಗಡಿಯ ಕಡೆ ತಿರುಗುತ್ತದೆ.

ಸುರಕ್ಷತೆಯ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಹತ್ತಿರದ್ದು ಎಂದ ಮಾತ್ರಕ್ಕೆ ವಿಷಮುಕ್ತ ಆಗುವುದಿಲ್ಲ. ನಿನ್ನೆ ಔಷಧಿ ಹೊಡೆದ ಬದನೆ ಇವತ್ತು ಶಾಲೆಗೆ ಬಂದರೆ ಅದಕ್ಕಿಂತ ಪೇಟೆಯದ್ದೇ ಮೇಲು. ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ 2013ರ ಜುಲೈನಲ್ಲಿ ಕೀಟನಾಶಕ ಬೆರೆತ ಎಣ್ಣೆಯ ಅಡುಗೆ ಉಂಡು 23 ಮಕ್ಕಳು ಸತ್ತರು. ಊಟ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಲೇಬೇಕೆಂಬ ನಿಯಮದ ಬೆಲೆ ಏನೆಂದು ಆ ದಿನ ಗೊತ್ತಾಯಿತು. ಸ್ಥಳೀಯ ಖರೀದಿಯಲ್ಲಿ ಒಂದು ಅನುಕೂಲವಂತೂ ಇದೆ. ಬೆಳೆದವರ ಹೆಸರು, ಹೊಲ, ಔಷಧಿ ಹೊಡೆದ ದಿನ ಒಂದು ಪುಸ್ತಕದಲ್ಲಿ ಬರೆದಿಡಬಹುದು. ಲಾರಿಯ ಟೊಮೆಟೊಗೆ ಅಂಥ ಜಾತಕ ಸಿಗುವುದಿಲ್ಲ.

ಶಾಲೆಯ ಅಂಗಳದಲ್ಲೇ ಬೆಳೆಯಬಹುದಲ್ಲ ಎಂಬ ಮಾತೂ ಇದೆ. ಶಾಲಾ ಪೌಷ್ಟಿಕ ಕೈತೋಟಗಳಿಗೆ ಕೇಂದ್ರ 2019ರಲ್ಲಿ ಮಾರ್ಗಸೂಚಿ ಕೊಟ್ಟಿತು. ಕೈತೋಟದಿಂದ ಮಕ್ಕಳು ಕಲಿಯುವುದು ಬಹಳ. ತಾನು ನೀರು ಹಾಕಿ ಬೆಳೆಸಿದ ಹಾಗಲವನ್ನು ತಟ್ಟೆಯ ಅಂಚಿಗೆ ಸರಿಸಲು ಮಗುವಿಗೆ ಮನಸ್ಸು ಬರುವುದಿಲ್ಲ. ಆದರೆ ಏಪ್ರಿಲ್, ಮೇ ರಜೆಯಲ್ಲಿ ನೀರುಣಿಸುವವರಿಲ್ಲ, ಕಾಂಪೌಂಡ್ ಇಲ್ಲದ ಕಡೆ ದನ ಬಿಡುವುದಿಲ್ಲ. ಕರಿಬೇವು, ನುಗ್ಗೆ, ಪಪ್ಪಾಯಿ, ಬಸಳೆಯಷ್ಟು ಅಂಗಳದಿಂದ ಬಂದರೆ ದೊಡ್ಡದು. ನಿತ್ಯದ ಆರು ಕಿಲೋ ಬರಬೇಕಾದದ್ದು ಹೊಲದಿಂದಲೇ.

ಅದನ್ನು ತರಲು ಬ್ರೆಜಿಲ್‌ನಂಥ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಪ್ರತಿ ಸರ್ಕಾರಿ ಶಾಲೆಗೂ ಪೋಷಕರೇ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಹಳ್ಳಿಯಲ್ಲಿ ಆ ಪೋಷಕರಲ್ಲಿ ಹೆಚ್ಚಿನವರು ರೈತರು, ಇಲ್ಲವೇ ರೈತರ ಹೊಲದಲ್ಲಿ ದುಡಿಯುವವರು. ಜೂನ್‌ನ ಮೊದಲ ಸಭೆಯಲ್ಲಿ ಒಂದು ಹಾಳೆ ತೆಗೆದು, ಯಾವ ತಿಂಗಳು ಊರಲ್ಲಿ ಏನು ಬೆಳೆಯುತ್ತದೆ, ಯಾರು ಎಷ್ಟು ಕೊಡಬಲ್ಲರು ಎಂದು ಬರೆಯಲು ಒಂದು ಸಂಜೆ ಸಾಕು. ವಾರಕ್ಕೆ ಎರಡು ದಿನ ಊರಿನ ತರಕಾರಿ ಎಂದು ಶುರುಮಾಡಬಹುದು. ತಿಂಗಳಿಗೊಮ್ಮೆ ದರ ನಿಗದಿ ಮಾಡಿ, ಗೋಡೆಗೆ ಅಂಟಿಸಿ, ವಾರಕ್ಕೊಮ್ಮೆ ಖಾತೆಗೆ ಹಣ ಹಾಕುವಂತಿರಬೇಕು. ಸುಲಿಯುವ, ಸೋಸುವ ಕೆಲಸಕ್ಕೆ ಯಾರೆಂಬುದು ಅದೇ ಸಭೆಯಲ್ಲಿ ತೀರ್ಮಾನವಾಗಬೇಕು.

ನಿಮ್ಮೂರಿನ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಒಮ್ಮೆ ವಿಚಾರಿಸಿ. ಚಿಕ್ಕವರ ಸಂಖ್ಯೆಯನ್ನು 50ರಿಂದ, ದೊಡ್ಡವರ ಸಂಖ್ಯೆಯನ್ನು 75ರಿಂದ ಗುಣಿಸಿ. ಬಂದ ಗ್ರಾಮುಗಳ ಲೆಕ್ಕ ಹಿಡಿದುಕೊಂಡು, ಹಿತ್ತಲಲ್ಲಿ ಹೀರೆ ಚಪ್ಪರ ಇರುವ ನೆರೆಯವರ ಜೊತೆಗೂಡಿ ಮುಖ್ಯಶಿಕ್ಷಕರ ಕೋಣೆಗೆ ಹೋಗಿ ಬನ್ನಿ. ಮುಂದಿನ ಅವರೆಕಾಯಿ ಕಾಲಕ್ಕೆ ಇನ್ನೂ ಸಮಯವಿದೆ.